ಧರಣಿ ಕೂರುವ ಜಾಗ ಯಾರದು? ಹಂಪಿ ಕನ್ನಡ ವಿಶ್ವವಿದ್ಯಾಲಯದ ನೆಲೆಯಲ್ಲಿ ಒಂದು ಟಿಪ್ಪಣಿ

ಹಂಪಿ ಕನ್ನಡ ವಿಶ್ವವಿದ್ಯಾಲಯದ ಪರಿಶಿಷ್ಟ ಜಾತಿ, ಪಂಗಡಗಳ ಸಂಶೋಧನಾ ವಿದ್ಯಾರ್ಥಿಗಳು ಫೆಲೋಶಿಪ್ ಬಾಕಿಗಾಗಿ ಈಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಧರಣಿ ಕೂತಿದ್ದಾರೆ. ಕೂರುವ ಜಾಗ ಆಡಳಿತ ಕಚೇರಿಯಿರುವ ‘ಕ್ರಿಯಾಶಕ್ತಿ’ ಕಟ್ಟಡದ ಮುಂಭಾಗ. ಹಣ ಬರಬೇಕಾದದ್ದು ಬೆಂಗಳೂರಿನಿಂದ. ವಿದ್ಯಾರ್ಥಿಗೆ ಎಟಕುವ ಬಾಗಿಲು ಮಾತ್ರ ಇದು. ಹೀಗೆ ಕೂರುವುದು ಹಕ್ಕೋ, ಆಡಳಿತದ ಸಹನೆಯೋ?

ನಿರಾಯುಧರಾಗಿ ಶಾಂತಿಯಿಂದ ಸೇರುವ ಹಕ್ಕನ್ನು ಸಂವಿಧಾನದ 19(1)(ಬಿ) ವಿಧಿ ಕೊಡುತ್ತದೆ, ಜಾಗವನ್ನು ಕೊಡುವುದಿಲ್ಲ. ರೈಲ್ವೆ ಮಂಡಳಿ ಮತ್ತು ನಿರಂಜನ್ ಸಿಂಗ್ ಪ್ರಕರಣದಲ್ಲಿ (1969) ಸುಪ್ರೀಂ ಕೋರ್ಟ್, ಬೇರೆಯವರ ಸ್ವತ್ತಿನಲ್ಲಿ ಸಭೆ ನಡೆಸುವ ಹಕ್ಕು ಇದರಲ್ಲಿ ಸೇರಿಲ್ಲ ಎಂದಿತು. ಆ ಸ್ವತ್ತು ಸರ್ಕಾರದ್ದಾದರೂ ಅಷ್ಟೆ. ಕ್ಯಾಂಪಸ್‌ನಲ್ಲಿ ಅನುಮತಿ ನಿರಾಕರಿಸುವವರಿಗೆ ಇದು ಗಟ್ಟಿ ಆಧಾರ. ಆದರೆ ಹಿಮತ್ ಲಾಲ್ ಶಾ ಪ್ರಕರಣದಲ್ಲಿ (1972) ಐವರು ನ್ಯಾಯಮೂರ್ತಿಗಳ ಪೀಠ, ಸಾರ್ವಜನಿಕ ಬೀದಿಯ ಸಭೆಗೆ ಅನುಮತಿ ಕೊಡುವ, ಕೊಡದಿರುವ ಅಧಿಕಾರವನ್ನು ಯಾವ ಮಾನದಂಡವೂ ಇಲ್ಲದೆ ಪೊಲೀಸರಿಗೆ ಒಪ್ಪಿಸಿದ್ದ ನಿಯಮವನ್ನು ರದ್ದುಪಡಿಸಿತು. ಅಹಮದಾಬಾದಿನ ಆ ಮೊಕದ್ದಮೆ ಹುಟ್ಟಿದ್ದೂ ವಿದ್ಯಾರ್ಥಿ ಮುಷ್ಕರದ ಸಭೆಯೊಂದರಿಂದಲೇ ಎಂಬುದನ್ನು ನಮ್ಮಲ್ಲಿ ಯಾರೂ ಅಷ್ಟಾಗಿ ನೆನೆಯುವುದಿಲ್ಲ. ಕ್ಯಾಂಪಸ್ ಬೀದಿಯಲ್ಲ, ನಿಜ. ಆದರೂ ಕಾರಣ ಬರೆಯದ ನಿರಾಕರಣೆ ನಿಲ್ಲಬಾರದೆಂಬ ತತ್ವ ಸರ್ಕಾರಿ ವಿಶ್ವವಿದ್ಯಾಲಯಕ್ಕೂ ಸಲ್ಲುತ್ತದೆ ಎಂಬುದು ನನ್ನ ಅಭಿಪ್ರಾಯ.

ಗೇಟಿನ ಹೊರಗೆ ಬಂದರೆ ಬೇರೆಯೇ ಲೆಕ್ಕ. 2021ರಲ್ಲಿ ಜಿಲ್ಲೆ ಒಡೆದ ಮೇಲೆ ಹೊಸಪೇಟೆ, ಹಂಪಿ ವಿಜಯನಗರಕ್ಕೆ ಸೇರಿದವು; ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಹೊಸಪೇಟೆಯ ಜಿಲ್ಲಾಧಿಕಾರಿ ಹೊರಡಿಸುವ ನಿಷೇಧಾಜ್ಞೆ ಸಂಡೂರಿನ ನಂದಿಹಳ್ಳಿ ಸ್ನಾತಕೋತ್ತರ ಕೇಂದ್ರದ ವಿದ್ಯಾರ್ಥಿಗಳನ್ನು ಕಟ್ಟಿಹಾಕದು. 2019ರ ಡಿಸೆಂಬರಿನ ಬೆಂಗಳೂರು ನಿಷೇಧಾಜ್ಞೆಯನ್ನು ಹೈಕೋರ್ಟ್ 2020ರಲ್ಲಿ ಕಾನೂನುಬಾಹಿರ ಎಂದದ್ದನ್ನೂ ಇಲ್ಲಿ ನೆನೆಯಬೇಕು.

ಇಷ್ಟಾದರೂ ಪಿಎಚ್.ಡಿ. ವಿದ್ಯಾರ್ಥಿಯ ಅಳುಕು ಪೊಲೀಸರದ್ದಲ್ಲ. ಪ್ರಗತಿ ವರದಿಗೆ ಮಾರ್ಗದರ್ಶಕರ ಸಹಿ ಬೇಕು, ಹಾಸ್ಟೆಲ್ ಕೋಣೆ ಉಳಿಯಬೇಕು. ಮೇಲಿನ ಯಾವ ತೀರ್ಪೂ ಈ ಜಾಗಕ್ಕೆ ಇಳಿದು ಬಂದಿಲ್ಲ. ಯುಜಿಸಿಯ 2023ರ ಕುಂದುಕೊರತೆ ನಿವಾರಣಾ ನಿಯಮಗಳು ಸಮಿತಿಯನ್ನೂ ಓಂಬುಡ್ಸ್‌ಪರ್ಸನ್‌ರನ್ನೂ ಕಡ್ಡಾಯ ಮಾಡಿವೆ. ಆದರೆ ಸಮಿತಿಯ ಸದಸ್ಯರೆಲ್ಲ ಅಧ್ಯಾಪಕರೇ, ವಿದ್ಯಾರ್ಥಿ ಪ್ರತಿನಿಧಿ ಅಲ್ಲಿ ವಿಶೇಷ ಆಹ್ವಾನಿತ ಮಾತ್ರ.