ಮಾಡು ಹೊತ್ತಿರೂ ಬೀಳದ್ದ ಮುಚ್ಚಿಗೆ

ಮಳೆಗಾಲಕ್ಕೆ ಮದಲು ಎಂಗಳ ಮನೆಲಿ ಒಂದರಿ ಮಾಡಿನ ಹಂಚು ನೋಡುವ ಕ್ರಮ ಇದ್ದು. ನಿಂಗಳ ಮನೆಲಿಯೂ ಇಕ್ಕು. ಎಲ್ಲಿ ಸೋರುತ್ತು ಹೇಳಿ ಅತ್ತೆ ಕೆಳ ನಿಂದು ಕೈ ತೋರ್ಸುಗು. ಜರ್ಮನಿಯ ವುರ್ಟ್ಸ್‌ಬುರ್ಗ್ ಪೇಟೆಯ ಅರಮನೆಲಿ ತಲೆ ಎತ್ತಿ ನಿಂದಿಪ್ಪಗ ಎನಗೆ ಅತ್ತೆಯೇ ನೆಂಪಾದವು.

ಮಗಳ ಮನಗೆ ಹೋಗಿಪ್ಪಗ ಅದುವೇ ಎನ್ನ ಅಲ್ಲಿಗೆ ಕರಕ್ಕೊಂಡು ಹೋತು. ಅಂಬಗ ಅಲ್ಲಿ ಬಿಷಪ್ಪನೇ ರಾಜ. ಗುಡ್ಡೆ ಮೇಗಾಣ ಕೋಟೆ ಬಿಟ್ಟು ಪೇಟೆಲಿ ಇಪ್ಪಲೆ ಹೇಳಿ 1720ರಲ್ಲಿ ಈ ಅರಮನೆ ಕಟ್ಲೆ ಸುರು ಮಾಡ್ಸಿದ್ದು. ಕಟ್ಟಿದವು ಬಾಲ್ಟಸಾರ್ ನಾಯ್‌ಮನ್. ದೊಡ್ಡ ಮೆಟ್ಲಿನ ಮೇಗಾಣ ಕಮಾನು ಮುಚ್ಚಿಗೆ ಸುಮಾರು 18 ಮೀಟರ್ ಅಗಲ, 30 ಮೀಟರ್ ಉದ್ದ. ಅದರ ಹೊರುಲೆ ನೆಡುಗೆ ಒಂದೂ ಕಂಬ ಇಲ್ಲೆ!

ಅದಕ್ಕೆ ಚಿತ್ರ ಬರವಲೆ ವೆನಿಸಿಂದ ಟಿಯೆಪೊಲೊ ಇಬ್ರು ಮಕ್ಕಳ ಒಟ್ಟಿಂಗೆ ಬಂದವು. 1752–53ರಲ್ಲಿ ಹಸಿ ಗಾರೆ ಮೇಲೆ ಬರದವು. ನೆಡುಗೆ ಸೂರ್ಯದೇವ ಅಪೊಲೊ, ನಾಲ್ಕು ಹೊಡೆಲಿ ನಾಲ್ಕು ಖಂಡಂಗೊ, ಒಂದೊಂದೂ ಒಂದು ಹೆಣ್ಣಿನ ರೂಪಲ್ಲಿ. ಏಷ್ಯ ಆನೆ ಮೇಲೆ, ಆಫ್ರಿಕ ಒಂಟೆ ಮೇಲೆ, ಅಮೇರಿಕ ಮೊಸಳೆ ಮೇಲೆ. ಯುರೋಪು ಮಾಂತ್ರ ಸಿಂಹಾಸನಲ್ಲಿ, ಬರೆಶಿದವರ ಊರಲ್ಲದಾ! ಆ ಹೊಡೆಲಿ ಫಿರಂಗಿ ಮೇಲೆ ಕೂದಿಪ್ಪದು ನಾಯ್‌ಮನ್ನೇ.

1945ರ ಮಾರ್ಚ್ 16ರ ಇರುಳು ಬ್ರಿಟಿಷ್ ವಿಮಾನಂಗೊ ಸುಮಾರು 20 ನಿಮಿಷ ಬಾಂಬು ಹಾಕಿದವು. ಪೇಟೆ ಹೊತ್ತಿ ಹೋತು. ಸುಮಾರು 5000 ಜನ ತೀರಿಹೋದವು. ಅರಮನೆಯ ಮರದ ಮಾಡು ಬೂದಿ ಆತು, ಸುಮಾರು ಕೋಣೆಗೊ ಹಾಳಾತು. ನಾಯ್‌ಮನ್ನಿನ ಕಲ್ಲಿನ ಕಮಾನು ಬಿದ್ದಿದಿಲ್ಲೆ.

ಆದರೆ ಮಾಡಿಲ್ಲದ್ದ ಮುಚ್ಚಿಗೆ ಎಷ್ಟು ಮಳೆ ತಡಗು? ಕಲ್ಲು ನೀರು ಕುಡುದರೆ ಗಾರೆಯೂ ಬಣ್ಣವೂ ಉದುರುಗು. ಅದೇ ವರ್ಷ ಅಮೇರಿಕದ ಸೈನ್ಯದ ಕಲಾಧಿಕಾರಿ ಜಾನ್ ಸ್ಕಿಲ್ಟನ್ ಮರ ಹುಡ್ಕಿ ಒಟ್ಟುಮಾಡ್ಸಿ, ಅದಕ್ಕೆ ತಾತ್ಕಾಲಿಕ ಮಾಡು ಹಾಕ್ಸಿದವು. ಬಾಂಬು ಹಾಕಿದ್ದೂ, ಮಾಡು ಹಾಕ್ಸಿದ್ದೂ ಒಂದೇ ಪಕ್ಷದವು!

"ಜನಂಗೊಕ್ಕೇ ಮಾಡಿಲ್ಲದ್ದಿಪ್ಪಗ ಚಿತ್ರಕ್ಕೆ ಮಾಡು ಬೇಕಾತಾ?" ಹೇಳಿ ಆನು ಮಗಳ ಹತ್ರೆ ಕೇಳಿದೆ.

"ಮನೆ ಪುನಃ ಕಟ್ಲಕ್ಕು ಅಮ್ಮಾ, ಇದರ ಬರವಲೆ ಟಿಯೆಪೊಲೊ ಪುನಃ ಬಕ್ಕಾ?" ಹೇಳಿತ್ತು.

ಅಪ್ಪು ಹೇಳಿಯೇ ಕಂಡತ್ತು. ಆದರೂ ಆ ಮಳೆಗಾಲ ಮಕ್ಕಳ ಕಟ್ಟಿಗೊಂಡು ಮಾಡಿಲ್ಲದ್ದ ಮನೆಲಿ ಕೂದ ಹೆಮ್ಮಕ್ಕೊ ಎನ್ನ ಮನಸ್ಸಿಂದ ಹೋಯಿದವಿಲ್ಲೆ.

ಊರಿಂಗೆ ಬಂದ ಮರದಿನವೇ ಅಟ್ಟಕ್ಕೆ ಹತ್ತಿ ಹಂಚು ನೋಡಿದೆ. ಎರಡು ಒಡದಿತ್ತು. ಬದಲ್ಸಿ ಆತು.