ದಾಸ್ಯಚರಿತ್ರೆಯ ನಡಿಗೆ

ನಗರವೊಂದರ ಬೀದಿ, ಸೌಧ, ಸಮಾಧಿಗಳಲ್ಲಿ ಉಳಿದಿರುವ ಗುಲಾಮಗಿರಿಯ ಕುರುಹುಗಳನ್ನು ಬಲ್ಲವರ ಜೊತೆಯಲ್ಲಿ ನೋಡುತ್ತ ಸಾಗುವ ಸಂಚಾರ. ಇಂಗ್ಲೆಂಡಿನ ಲಿವರ್‌ಪೂಲ್, ಬ್ರಿಸ್ಟಲ್ ನಗರಗಳಲ್ಲಿ ಇದು ರೂಢವಾಗಿದ್ದು, ಅಲ್ಲಿ ಕಣ್ಣಿಗೆ ಬೀಳುವುದು ಬಹುಮಟ್ಟಿಗೆ ಮಾರಿದವರ ವೈಭವ. ಕರ್ನಾಟಕದಲ್ಲಿ ಇಂಥ ನಡಿಗೆಗೆ ಎಲ್ಲಕ್ಕಿಂತ ಅರ್ಹವಾದ ವಿಜಾಪುರದಲ್ಲಿಯಾದರೋ (ಈಗಿನ ವಿಜಯಪುರ) ಆಫ್ರಿಕದಿಂದ ಬಂದವರ ಹೆಸರುಗಳೇ ಚರಿತ್ರೆಯಲ್ಲಿ ನಿಂತಿವೆ.

ಅಬಿಸೀನಿಯ ಮೊದಲಾದ ದೇಶಗಳಿಂದ ಸಮುದ್ರಮಾರ್ಗವಾಗಿ ತರಲ್ಪಟ್ಟ ಹಬಶಿ ಗುಲಾಮರು ದಖ್ಖನಿನ ಸುಲ್ತಾನರ ಸೈನ್ಯಗಳನ್ನು ಸೇರಿದರು; ಕೆಲವರು ಸ್ವಂತ ಸಾಮರ್ಥ್ಯದಿಂದ ಉನ್ನತ ಪದವಿಗಳನ್ನೇರಿದರು. ಒಳಕೋಟೆಯಲ್ಲಿ, 1561ರ ಗಗನ ಮಹಲಿನ ವಿಶಾಲ ಕಮಾನಿನೆದುರು ನಿಂತವರು, ಬಾಲಕನಾಗಿದ್ದ ಎರಡನೆಯ ಇಬ್ರಾಹಿಂ ಆದಿಲಶಾಹನ ಹೆಸರಿನಲ್ಲಿ 1590ರವರೆಗೆ ರಾಜ್ಯಭಾರ ನಡೆಸಿದ ಹಬಶಿ ದಿಲಾವರಖಾನನನ್ನು ನೆನೆಯದೆ ಮುಂದೆ ಸಾಗಲಾಗದು. ಕೋಟೆಯ ಪಶ್ಚಿಮಕ್ಕಿರುವ ಇಬ್ರಾಹಿಂ ರೋಜಾದಲ್ಲಿ ತುಸು ತಡೆದು ನಿಲ್ಲುವುದು ಲೇಸು: ಅರಬ್ಬೀ ಅಕ್ಷರಗಳನ್ನೇ ಜಾಲಂಧ್ರವಾಗಿ ಕೊರೆದ ಕಿಟಕಿಗಳುಳ್ಳ ಈ ಸಮಾಧಿಮಂದಿರದ ನಿರ್ಮಾಣವನ್ನು ಪೂರೈಸಿದವನು ಮಲಿಕ್ ಸಂದಲನೆಂದು ಅಲ್ಲಿಯ ಶಾಸನವೇ ಸಾರುತ್ತದೆ, ಅವನೂ ಹಬಶಿಯೆಂಬುದು ಪ್ರತೀತಿ. ಕಾಲಾಳುಗಳಾಗಿ, ಅಂತಃಪುರದ ಊಳಿಗದವರಾಗಿ ಇಲ್ಲಿಯೇ ಸವೆದುಹೋದ ಅಸಂಖ್ಯ ಜನರ ಹೆಸರು ಮಾತ್ರ ಯಾವ ಶಿಲೆಯಲ್ಲಿಯೂ ಇಲ್ಲವೆಂಬುದನ್ನು ಮಾರ್ಗದರ್ಶಿಯಾದವನು ಹೇಳದೆ ಬಿಟ್ಟರೆ ಅದು ಘೋರ ಅನ್ಯಾಯ.

ಬ್ರಿಟಿಷ್ ಭಾರತದ ನ್ಯಾಯಾಲಯಗಳು ದಾಸ್ಯವನ್ನು ಮಾನ್ಯಮಾಡಕೂಡದೆಂದು 1843ರ ಕಾಯಿದೆ ವಿಧಿಸಿತು; ಆದರೆ ಆ ಚರಿತ್ರೆಯ ಕುರುಹು ಕಟ್ಟಡಗಳಲ್ಲಷ್ಟೇ ಅಲ್ಲ, ಜನರಲ್ಲಿಯೂ ಉಳಿದಿದೆ. ಗೋವೆಗೆ ಪೋರ್ತುಗೀಜರು ತಂದ ಆಫ್ರಿಕನ್ನರಲ್ಲಿ ಹಲವರು ತಪ್ಪಿಸಿಕೊಂಡು ಘಟ್ಟದ ಕಾಡುಗಳನ್ನು ಸೇರಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡುಗಳ ಸಿದ್ದಿಗಳು ಅವರ ಸಂತತಿಯವರೆನ್ನಲಾಗಿದೆ. ಉತ್ತರ ಕನ್ನಡದ ಸಿದ್ದಿಗಳನ್ನು 2003ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಲಾಯಿತು.