ಕಪ್ಪೆ ಅರಭಟ್ಟನ ಸ್ವಭಾವವೂ ಮನಶ್ಶಾಸ್ತ್ರವೂ

ಬಾದಾಮಿಯ ಕೆರೆಯ ಬಳಿ, ಬಂಡೆಯ ಮೈಮೇಲೆ, ಸುಮಾರು ಕ್ರಿ. ಶ. 700ರ ಶಾಸನವೊಂದಿದೆ. ಕಪ್ಪೆ ಅರಭಟ್ಟನೆಂಬ ವೀರನನ್ನು ಅದು ತ್ರಿಪದಿಗಳಲ್ಲಿ ಕೊಂಡಾಡುತ್ತದೆ. ಕನ್ನಡ ಛಂದಸ್ಸಿನ ಚರಿತ್ರೆಯಲ್ಲಿ ಅದಕ್ಕಿರುವ ಹಿರಿಮೆ ಶ್ರೋತೃಗಳಿಗೆ ವಿದಿತವೇ ಆಗಿದೆ. ಇಂದು ನಾವು ಅದನ್ನು ಬೇರೊಂದು ದೃಷ್ಟಿಯಿಂದ ನೋಡೋಣ. ಆತನು ಸೌಮ್ಯನೆಂದೋ ಉಗ್ರನೆಂದೋ ಕವಿಯು ಒಂದೇ ಮಾತಿನಲ್ಲಿ ಹೇಳಿ ಮುಗಿಸಲಿಲ್ಲ. ಒಳ್ಳೆಯವರೆದುರಿಗೆ ಆತನದೊಂದು ನಡೆ, ಪೀಡಿಸಬಂದವರೆದುರಿಗೆ ಇನ್ನೊಂದು ನಡೆ ಎಂದು ವಿಂಗಡಿಸಿದನು. ಹಾಗಾದರೆ ಸ್ವಭಾವವೆಂಬುದು ಮನುಷ್ಯನ ಒಳಗೇ ನೆಲೆಸಿರುವುದೆ? ಇಲ್ಲವೆ ಎದುರಿನ ಸನ್ನಿವೇಶಕ್ಕೆ ತಕ್ಕಂತೆ ಹುಟ್ಟುವುದೆ?

ಈ ಪ್ರಶ್ನೆಗೆ ಮನಶ್ಶಾಸ್ತ್ರದ ಪಂಥಗಳು ಬೇರೆಬೇರೆ ಉತ್ತರಗಳನ್ನು ಕೊಟ್ಟಿವೆ. ಮನಸ್ಸು ತನ್ನನ್ನೇ ನೋಡಿಕೊಳ್ಳುವ ಅಂತರ್ನಿರೀಕ್ಷಣೆ ನಮಗೆ ಹೊಸದಲ್ಲ. ಹುನಗುಂದ ಸೀಮೆಯ ಕೂಡಲಸಂಗಮದ ದೈವವನ್ನೇ ಅಂಕಿತವಾಗಿಟ್ಟುಕೊಂಡ ಬಸವಣ್ಣನವರು 12ನೆಯ ಶತಮಾನದಲ್ಲಿ ತಮ್ಮ ಮನಸ್ಸಿನ ಚಾಂಚಲ್ಯವನ್ನು ತಾವೇ ಪರೀಕ್ಷಿಸಿಕೊಂಡರು. ಅವರಿಗೆ ಅದು ಆತ್ಮಶುದ್ಧಿಯ ಮಾರ್ಗವಾಗಿದ್ದಿತು. 1879ರಲ್ಲಿ ಲೈಪ್ಸಿಗ್ ನಗರದಲ್ಲಿ ಪ್ರಯೋಗಶಾಲೆಯನ್ನು ತೆರೆದ ವಿಲ್ಹೆಲ್ಮ್ ವುಂಟ್‌ರವರಿಗೆ ಅದು ಅಳತೆಗೆ ಒಳಪಟ್ಟ ಶಾಸ್ತ್ರವಿಧಾನವಾಯಿತು. 1900ರ ಸುಮಾರಿಗೆ ಫ್ರಾಯ್ಡ್‌ರವರು, ನಮ್ಮ ನಡತೆಯ ಬೇರುಗಳು ನಮಗೇ ಅರಿವಿಲ್ಲದ ಸುಪ್ತಚಿತ್ತದಲ್ಲಿವೆಯೆಂದರು. 1913ರಲ್ಲಿ ವಾಟ್ಸನ್‌ರವರು ಒಳಗಿನ ಮಾತನ್ನೇ ಬದಿಗಿರಿಸಿ, ಹೊರಗೆ ಕಾಣುವ ವರ್ತನೆಯೊಂದೇ ಶಾಸ್ತ್ರಕ್ಕೆ ವಿಷಯವೆಂದು ಸಾರಿದರು. 1937ರಲ್ಲಿ ಆಲ್‌ಪೋರ್ಟ್‌ರವರು ವ್ಯಕ್ತಿಯ ಸ್ಥಿರಗುಣಗಳನ್ನು ಎತ್ತಿಹಿಡಿದರೆ, 1968ರಲ್ಲಿ ವಾಲ್ಟರ್ ಮಿಶೆಲ್‌ರವರು ಆ ಸ್ಥಿರತೆಯನ್ನೇ ಶಂಕಿಸಿ ಸನ್ನಿವೇಶದ ಬಲವನ್ನು ತೋರಿಸಿದರು.

ಕನ್ನಡನಾಡಿನಲ್ಲಿ ಈ ಶಾಸ್ತ್ರದ ಬೋಧನೆಗೆ 1924ರಲ್ಲಿ ಮೈಸೂರಿನಲ್ಲಿ ಪ್ರತ್ಯೇಕ ವಿಭಾಗವು ಏರ್ಪಟ್ಟಿತು. ಅಲ್ಲಿನ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ಮೈಸೂರಿನ ಆಕಾಶವಾಣಿಯನ್ನು ಆರಂಭಿಸಿದವರು.

ಮೇಲಿನ ವಿವಾದವು ಪಂಡಿತರಿಗೆ ಮಾತ್ರ ಸಂಬಂಧಿಸಿದುದಲ್ಲ. ಇಳಕಲ್ಲಿನ ನೇಕಾರರ ಮನೆಯ ಹುಡುಗನೊಬ್ಬನು ಬಾಗಲಕೋಟೆಯ ಶಾಲೆಯಲ್ಲಿ ಓದುತ್ತಿರುವನೆಂದು ಭಾವಿಸೋಣ. ರಜೆಯಲ್ಲಿ ಮನೆಗೆ ಬಂದಾಗ, ಸೀರೆಯ ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಎಳೆಎಳೆಯಾಗಿ ಕೊಂಡಿಹಾಕಿ ಸೇರಿಸುವ ಹಿರಿಯರ ಪಕ್ಕದಲ್ಲಿ ಅವನು ಗಂಟೆಗಟ್ಟಲೆ ತದೇಕಚಿತ್ತನಾಗಿ ಕುಳಿತಿರುತ್ತಾನೆ. ತರಗತಿಯಲ್ಲಿ ಅವನ ಗಮನ ಕ್ಷಣಮಾತ್ರವೂ ನಿಲ್ಲದು. ಉಪಾಧ್ಯಾಯರು ಅವನನ್ನು ಮಂದಮತಿಯೆಂದು ಕರೆದುಬಿಟ್ಟರೆ ಆ ಹೆಸರು ಅವನ ಬಾಳಿಗೇ ಅಂಟಿಕೊಂಡೀತು. ಅವಧಾನಶಕ್ತಿ ಅವನಲ್ಲಿ ಇದ್ದೇ ಇದೆ. ಅದು ಎಲ್ಲಿ ಅರಳುತ್ತದೆ, ಎಲ್ಲಿ ಮುದುಡುತ್ತದೆ ಎಂಬುದನ್ನು ಯಾರೂ ವಿಚಾರಿಸಲಿಲ್ಲ, ಅಷ್ಟೆ.

1995ರಲ್ಲಿ ಮಿಶೆಲ್ ಮತ್ತು ಯುಯಿಚಿ ಶೋಡಾರವರು ಈ ಎರಡು ಪಕ್ಷಗಳಿಗೂ ಸಂಧಾನವೊಂದನ್ನು ಸೂಚಿಸಿದರು. ಇಂತಹ ಸನ್ನಿವೇಶವಾದರೆ ಇಂತಹ ನಡತೆ ಎಂಬ ಕ್ರಮವು ಒಬ್ಬೊಬ್ಬರಲ್ಲಿ ಒಂದೊಂದು ಬಗೆಯಾಗಿ ನೆಲೆಗೊಂಡಿರುವುದು. ಆ ಕ್ರಮವೇ ವ್ಯಕ್ತಿಯ ನಿಜವಾದ ಗುರುತು ಎಂದು ಅವರ ಮತ. ಬಾದಾಮಿಯ ಕವಿಯು ಶಾಸ್ತ್ರವನ್ನು ರಚಿಸಲು ಹೊರಟವನಲ್ಲ. ಆದರೂ ತನ್ನ ನಾಯಕನನ್ನು ಆತನು ಗುರುತಿಸಿದ ರೀತಿ ಇದಕ್ಕೆ ದೂರವಾದುದಲ್ಲ. ಮಕ್ಕಳನ್ನೂ ನೆರೆಯವರನ್ನೂ ಕುರಿತು ತೀರ್ಪು ಹೇಳುವ ಮುನ್ನ, ಎಲ್ಲಿ, ಯಾರೆದುರಿಗೆ ಹಾಗೆ ನಡೆದರೆಂದು ಕೇಳುವಷ್ಟು ತಾಳ್ಮೆ ನಮಗೂ ಇರಬೇಕು.